ಸಹಿ ಹಾಕುವ ಮುನ್ನ: ಕ್ಲೈಂಟ್ ಕರಾರಿನ ಏಕಪಕ್ಷೀಯ ಷರತ್ತುಗಳನ್ನು ಗುರುತಿಸಿ ತಿದ್ದಿಸುವ ಸಮಗ್ರ ಮಾರ್ಗದರ್ಶಿ

ಅಂಧೇರಿಯ ಕಂಪನಿಯೊಂದರ ಕ್ಯಾಂಟೀನು, ಭೋಸರಿಯಲ್ಲಿ ಜಾಬ್ ವರ್ಕ್, ಲೋವರ್ ಪರೇಲಿನ ಏಜೆನ್ಸಿಗೆ ಡಿಸೈನು, ವೆರ್ಣಾದ ಕಾರ್ಖಾನೆಗೆ ಕಾರ್ಟನ್ ಮುದ್ರಣ. ಮುಂಬಯಿ, ಪುಣೆ, ಗೋವಾದಲ್ಲಿ ಕನ್ನಡಿಗರು ನಡೆಸುವ ಸಣ್ಣ ವ್ಯವಹಾರಗಳು ಬಗೆಬಗೆಯವು. ಕರಾರು ಬರುವ ರೀತಿ ಮಾತ್ರ ಒಂದೇ: ಎದುರಿನವರ ವಕೀಲರು ಬರೆದ ಇಂಗ್ಲಿಷ್ ಪ್ರತಿ, ಇಪ್ಪತ್ತು ಪುಟ, ಜೊತೆಗೆ 'ನಾಳೆಯೊಳಗೆ ಸಹಿ ಮಾಡಿ ಕಳಿಸಿ' ಎಂಬ ಮೇಲ್. ಆ ಒಂದು ದಿನವನ್ನು ಎರಡು ವಾರ ಮಾಡಿಕೊಂಡು ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದೆ.

ಕಾನೂನು ಎಷ್ಟು ಕಾಯುತ್ತದೆ

'ಅನ್ಯಾಯದ ಷರತ್ತಾದರೆ ಕೋರ್ಟು ತೆಗೆದುಹಾಕುತ್ತದೆ ಬಿಡಿ' ಎಂದು ನಂಬಿ ಸಹಿ ಹಾಕುವವರು ಬಹಳ ಮಂದಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರಿಗೆ ವ್ಯಾಖ್ಯೆ ಇರುವುದು ನಿಜ. ಆದರೆ ಆ ರಕ್ಷಣೆ ಗ್ರಾಹಕನಿಗೆ. ಮಾಲು ಕೊಡುವ, ಸೇವೆ ಮಾಡುವ ನೀವು ನಿಮ್ಮ ಕ್ಲೈಂಟಿನ ಗ್ರಾಹಕರಲ್ಲ. ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು ಬಲಾಬಲದ ಅಂತರ ತೀರಾ ಹೆಚ್ಚಿದ್ದ ಕರಾರಿನ ಷರತ್ತೊಂದನ್ನು ಹೊಡೆದುಹಾಕಿತು. ಇಬ್ಬರೂ ವ್ಯಾಪಾರಿಗಳಾಗಿದ್ದು ವಾಣಿಜ್ಯ ವ್ಯವಹಾರವಾದರೆ ಈ ಮಾತು ಅನ್ವಯಿಸದೆ ಇರಬಹುದು ಎಂದೂ ಅದೇ ತೀರ್ಪು ಹೇಳಿತು. ಕರಾರಿನ ಅನ್ಯಾಯದ ಷರತ್ತುಗಳಿಗೆಂದೇ ಒಂದು ಕಾನೂನು ಬೇಕು ಎಂದು ಕಾನೂನು ಆಯೋಗ 2006ರ ತನ್ನ 199ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಆ ಕಾನೂನು ಬರಲಿಲ್ಲ.

ನಿಮ್ಮ ಸಹಿಯಿದ್ದರೂ ನಿಮ್ಮ ಪರ ನಿಲ್ಲುವುದು ಕೆಲವೇ ಸೆಕ್ಷನ್‌ಗಳು. 1872ರ ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಕರಾರು ಮುಗಿದ ಮೇಲೂ ಬೇರೆಯವರಿಗೆ ಅದೇ ಕೆಲಸ ಮಾಡಕೂಡದು ಎಂಬ ನಿರ್ಬಂಧ ಅಸಿಂಧು. ಕರಾರು ಚಾಲ್ತಿಯಲ್ಲಿರುವಾಗಿನ ನಿರ್ಬಂಧವನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಸೆಕ್ಷನ್ 28ರ ಪ್ರಕಾರ, '30 ದಿನದೊಳಗೆ ಕ್ಲೇಮ್ ಹಾಕದಿದ್ದರೆ ಹಕ್ಕೇ ಹೋಯಿತು' ಎಂಬಂಥ ಷರತ್ತು ನಿಲ್ಲದು. ಬಾಕಿ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡುವುದು 3 ವರ್ಷ. ಸೆಕ್ಷನ್ 74ರ ಪ್ರಕಾರ ಕರಾರಿನಲ್ಲಿ ಎಷ್ಟೇ ದಂಡ ಬರೆದಿರಲಿ, ಸಿಗುವುದು ಸಮಂಜಸ ಪರಿಹಾರ, ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಇವೆಲ್ಲಕ್ಕಿಂತ ಕೆಲಸಕ್ಕೆ ಬರುವುದು 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಅದರ ವಿಷಯ ಮುಂದೆ ವಿವರವಾಗಿ ಬರುತ್ತದೆ.

ದಂಡದ ಷರತ್ತು ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದಕ್ಕೇ ಹೆದರುತ್ತಾರೆ. ಹಣ ಮುಳುಗಿಸುವುದು ಹೆಚ್ಚಾಗಿ ಇನ್ನೊಂದು ಬಗೆಯ ವಾಕ್ಯ, ನಿಮ್ಮ ಹಣದ ಗಡಿಯಾರವನ್ನು ಎದುರಿನವರ ಕೈಗೆ ಕೊಡುವ ವಾಕ್ಯ. ಆದ್ದರಿಂದ ಕರಾರು ಓದುವಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಇದು ನಡೆಯುವುದು, ನಡೆಯದಿರುವುದು ಯಾರ ಕೈಯಲ್ಲಿದೆ?

ಹಂತ 1: ಕರಾರು ಬರುವ ಮೊದಲೇ ಮಾಡುವುದು

ಉದ್ಯಮ್ ನೋಂದಣಿ (ಈ ಕಾಯ್ದೆಯಡಿ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ) ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಏಜೆಂಟರದ್ದು. 2025ರ ಏಪ್ರಿಲ್ 1ರಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿಯವರೆಗೆ ಇದ್ದರೆ 'ಸೂಕ್ಷ್ಮ'. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಯವರೆಗೆ 'ಸಣ್ಣ'. ತಡ ಪಾವತಿಯ ರಕ್ಷಣೆ ಈ ಎರಡು ವರ್ಗಕ್ಕೆ ಮಾತ್ರ, ಮಧ್ಯಮ ವರ್ಗಕ್ಕಿಲ್ಲ. ನೋಂದಣಿ ಕರಾರಿಗೆ ಮುಂಚಿನ ತಾರೀಖಿನದ್ದಾಗಿರಲಿ. ಆಮೇಲೆ ಮಾಡಿಸಿದವರ ಹಕ್ಕಿನ ಬಗ್ಗೆ ಕೋರ್ಟುಗಳಲ್ಲಿ ಜಗ್ಗಾಟ ನಡೆದಿದೆ, ಆ ಜಗ್ಗಾಟದಲ್ಲಿ ಸಿಕ್ಕಿಕೊಳ್ಳುವ ಅಗತ್ಯ ನಿಮಗಿಲ್ಲ.

ಎರಡು ಎಚ್ಚರಿಕೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ತೆರೆದದ್ದು ಬ್ಯಾಂಕುಗಳ ಆದ್ಯತಾ ಸಾಲಕ್ಕಾಗಿ ಮಾತ್ರ, ತಡ ಪಾವತಿಯ ಬಡ್ಡಿಗಲ್ಲ. ಇಂಟೀರಿಯರ್, ಸಿವಿಲ್ ಮುಂತಾದ ಕಾಮಗಾರಿ ಗುತ್ತಿಗೆ ಈ ಕಾಯ್ದೆಯಡಿ ಬಾರದು ಎಂದು ಬಾಂಬೆ ಹೈಕೋರ್ಟು 2017ರಲ್ಲಿ ಹೇಳಿದೆ. ಆ ಕೆಲಸದವರು ಕಾಯ್ದೆಯನ್ನು ನೆಚ್ಚಿ ಕೂರದೆ ಅಡ್ವಾನ್ಸ್ ಮತ್ತು ಕಂತುಗಳನ್ನು ಕರಾರಿನಲ್ಲೇ ಬಿಗಿ ಮಾಡಿಕೊಳ್ಳಬೇಕು.

ಕೊಟೇಶನ್ ಕಳಿಸುವಾಗ ದರದ ಕೆಳಗೆ ನಿಮ್ಮ ಷರತ್ತುಗಳನ್ನು ಐದಾರು ಸಾಲಿನಲ್ಲಿ ಬರೆಯಿರಿ: ಅಡ್ವಾನ್ಸ್ ಎಷ್ಟು, ಉಳಿದದ್ದು ಎಷ್ಟು ದಿನದಲ್ಲಿ, ಜಿಎಸ್‌ಟಿ ಪ್ರತ್ಯೇಕ, ತಿದ್ದುಪಡಿ ಎಷ್ಟು ಸಲ, ದರ ಎಷ್ಟು ದಿನ ಊರ್ಜಿತ, ಉದ್ಯಮ್ ಸಂಖ್ಯೆ ಏನು. ಚೌಕಾಶಿ ಕರಾರು ಬಂದ ಮೇಲೆ ಶುರುವಾಗುತ್ತದೆ ಎಂದುಕೊಳ್ಳಬೇಡಿ. ದರ ಒಪ್ಪಿಕೊಂಡ ಮೇಲೆ ಪರ್ಚೇಸ್ ವಿಭಾಗಕ್ಕೆ ನಿಮ್ಮ ಮಾತು ಕೇಳುವ ಆತುರವಿರುವುದಿಲ್ಲ.

ಹಂತ 2: ಎಲ್ಲ ಕಾಗದ ಕೂಡಿಸಿ

ಸಹಿ ಹಾಕುವ ಪುಟವಷ್ಟೇ ಕರಾರಲ್ಲ. ಮುಖ್ಯ ಕರಾರು, ಅನುಬಂಧಗಳು, ಪಿಒ (ಪರ್ಚೇಸ್ ಆರ್ಡರ್), ಪಿಒ ಹಿಂಬದಿಯ ಸಣ್ಣ ಅಕ್ಷರ, ವೆಂಡರ್ ಪೋರ್ಟಲ್‌ನಲ್ಲಿ 'ಐ ಅಗ್ರೀ' ಒತ್ತಿದಾಗ ಒಪ್ಪಿಕೊಂಡದ್ದು, 'ಕಾಲಕಾಲಕ್ಕೆ ಬದಲಾಗುವ ಕಂಪನಿ ನೀತಿ' ಎಂದು ಲಿಂಕ್ ಕೊಟ್ಟದ್ದು, ಎಲ್ಲವೂ ಸೇರುತ್ತದೆ. ಆ ಕೊನೆಯದು ತೀರಾ ಅಪಾಯದ್ದು. ನಾಳೆ ಅವರು ಬರೆದುಕೊಳ್ಳುವ ನಿಯಮಕ್ಕೆ ಇಂದೇ ಸಹಿ ಹಾಕಿದಂತೆ. 'ಸಹಿಯ ದಿನ ಇದ್ದ ಆವೃತ್ತಿ ಮಾತ್ರ; ಬದಲಾವಣೆಗೆ ಲಿಖಿತ ಒಪ್ಪಿಗೆ ಬೇಕು' ಎಂದು ತಿದ್ದಿಸಿ, ಆ ದಿನದ ಆವೃತ್ತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಒಂದು ಕಾಗದ ಇನ್ನೊಂದಕ್ಕೆ ವಿರುದ್ಧವಾದರೆ ಯಾವುದು ಗೆಲ್ಲುತ್ತದೆ ಎಂದು ಹೇಳುವ ಷರತ್ತನ್ನು ಹುಡುಕಿ. ನಿಮ್ಮ ಕೊಟೇಶನ್ ಸಾಮಾನ್ಯವಾಗಿ ಆ ಪಟ್ಟಿಯ ತಳದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೊಟೇಶನ್‌ಗಿಂತ ಬೇರೆ ಷರತ್ತಿರುವ ಪಿಒ ಬಂದು, ನೀವು ತುಟಿಪಿಟಕ್ಕೆನ್ನದೆ ಮಾಲು ಕಳಿಸಿದರೆ, ಪಿಒ ಷರತ್ತನ್ನು ನಡತೆಯಿಂದಲೇ ಒಪ್ಪಿಕೊಂಡಿರಿ ಎಂದಾಗುತ್ತದೆ. ಮಾಲು ಹೊರಡುವ ಮೊದಲು ಒಂದು ಮೇಲ್ ಹೋಗಲೇಬೇಕು. 'ಸಂಪೂರ್ಣ ಒಪ್ಪಂದ' ಎಂಬ ಷರತ್ತಿದ್ದರೆ, ಮ್ಯಾನೇಜರು ಫೋನಿನಲ್ಲಿ 'ಅದೆಲ್ಲ ಫಾರ್ಮಾಲಿಟಿ, 30 ದಿನಕ್ಕೆ ದುಡ್ಡು ಹಾಕಿಸ್ತೀನಿ' ಎಂದದ್ದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ.

ಹಂತ 3: ಹಣದ ಷರತ್ತುಗಳು

ಪೆನ್ಸಿಲ್ ಹಿಡಿದು, ಪಾವತಿ ಯಾವ ಘಟನೆಯಿಂದ ಶುರು ಎಂದು ಹೇಳುವ ಪ್ರತಿ ಪದಕ್ಕೂ ಸುತ್ತು ಹಾಕಿ. '60 ದಿನ' ಎಂಬ ಅಂಕಿಗಿಂತ ಅದರ ಹಿಂದಿನ ಪದ ಮುಖ್ಯ. ಇನ್‌ವಾಯ್ಸ್ ತಾರೀಖಿನಿಂದ 60 ದಿನ, ಜಿಆರ್‌ಎನ್ (ಮಾಲು ಬಂದಿತೆಂದು ಅವರು ಕೊಡುವ ರಸೀದಿ) ತಾರೀಖಿನಿಂದ 60 ದಿನ, 'ಯೂಸರ್ ಡಿಪಾರ್ಟ್‌ಮೆಂಟ್ ತೃಪ್ತಿ ಪ್ರಮಾಣಪತ್ರ ಕೊಟ್ಟ ಮೇಲೆ' 60 ದಿನ, ಇವು ಮೂರು ಬೇರೆ ಬೇರೆ. ಮೂರನೆಯದರಲ್ಲಿ ಗಡಿಯಾರ ಶುರುವಾಗದೆಯೂ ಇರಬಹುದು, ಏಕೆಂದರೆ ಪ್ರಮಾಣಪತ್ರ ಕೊಡಬೇಕಾದವರು ರಜೆಯಲ್ಲಿದ್ದಾರೆ. ಕೇಳಬೇಕಾದ ತಿದ್ದುಪಡಿ: 'ಮಾಲು ಅಥವಾ ಕೆಲಸ ಒಪ್ಪಿಸಿದ 7 ದಿನದೊಳಗೆ ಕಾರಣಸಹಿತ ಲಿಖಿತ ಆಕ್ಷೇಪ ಬಾರದಿದ್ದರೆ ಸ್ವೀಕರಿಸಿದಂತೆ.' ಅದಕ್ಕೆ ಒಪ್ಪದಿದ್ದರೆ 15 ದಿನವೆನ್ನಿ. ಅದು ಎಂಎಸ್‌ಎಂಇಡಿ ಕಾಯ್ದೆಯದ್ದೇ ಅವಧಿ, ಇಲ್ಲವೆನ್ನಲು ಅವರಿಗೆ ಕಷ್ಟ.

ಎಂಎಸ್‌ಎಂಇಡಿ ಕಾಯ್ದೆಯ ಸೆಕ್ಷನ್ 15 ಹೇಳುವುದು ಸ್ಪಷ್ಟವಾಗಿದೆ. ಲಿಖಿತ ಕರಾರಿದ್ದರೆ ಅದರಲ್ಲಿನ ಅವಧಿಯೊಳಗೆ, ಆದರೆ ಸ್ವೀಕಾರದ ದಿನದಿಂದ 45 ದಿನ ಮೀರದಂತೆ ಹಣ ಕೊಡಬೇಕು. ಲಿಖಿತ ಅವಧಿಯೇ ಇಲ್ಲದಿದ್ದರೆ 15 ದಿನ. ಸರಬರಾಜಾಗಿ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಸರಬರಾಜಿನ ದಿನವೇ ಸ್ವೀಕಾರದ ದಿನ. ಮೀರಿದರೆ ಸೆಕ್ಷನ್ 16ರ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಳ್ಳಿ. ಆಗ ಬಡ್ಡಿ ಶೇ. 18, ತಿಂಗಳಿಗೆ ಒಂದೂವರೆ. 5 ಲಕ್ಷದ ಬಿಲ್ಲು 6 ತಿಂಗಳು ತಡವಾದರೆ ಬಡ್ಡಿಯೇ ಸುಮಾರು 46,700 ರೂಪಾಯಿ. ಕರಾರಿನಲ್ಲಿ '90 ದಿನ' ಎಂದಿದ್ದರೂ ಸೆಕ್ಷನ್ 24ರ ಪ್ರಕಾರ ಕಾಯ್ದೆಯ ಮಾತೇ ಮೇಲು.

ಚಾಲ್ತಿಯಲ್ಲಿರುವ ಕ್ಲೈಂಟಿನ ಮೇಲೆ ಈ ಬಡ್ಡಿ ಹಾಕುವವರು ವಿರಳ, ಅದು ನಮಗೂ ಗೊತ್ತು. ಚೌಕಾಶಿಗೆ ಇದಕ್ಕಿಂತ ಹರಿತವಾದದ್ದು ಆದಾಯ ತೆರಿಗೆಯಲ್ಲಿದೆ. 2023ರ ಹಣಕಾಸು ಕಾಯ್ದೆ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ (ಎಚ್) ಸೇರಿಸಿತು: ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಸೆಕ್ಷನ್ 15ರ ಅವಧಿ ಮೀರಿ ಬಾಕಿ ಇಟ್ಟ ಹಣವನ್ನು ಖರೀದಿದಾರ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ ಬಂತೆಂದರೆ ಅಕೌಂಟ್ಸ್ ವಿಭಾಗ ನಿಮ್ಮ ಉದ್ಯಮ್ ಪ್ರಮಾಣಪತ್ರ ಕೇಳಿ ಮೇಲ್ ಮಾಡುವುದು ಇದಕ್ಕೇ. ಹಾಗಾಗಿ ಪರ್ಚೇಸ್‌ನವರು '90 ದಿನ ನಮ್ಮ ಪಾಲಿಸಿ' ಎಂದರೆ ವಾದ ಬೇಡ. '45 ದಿನ ಮೀರಿದರೆ ನಿಮ್ಮ ಟ್ಯಾಕ್ಸ್ ಟೀಮಿಗೇ ತೊಂದರೆ, ಒಮ್ಮೆ ಕೇಳಿ ನೋಡಿ' ಎಂದು ಬರೆಯಿರಿ. ಉದ್ಯಮ್ ನೋಂದಣಿ ತೆಗೆಸಿಬಿಡಿ ಎಂದು ಕೇಳುವ ಖರೀದಿದಾರರೂ ಇದ್ದಾರೆ. ಅಂಥವರು ಮೊದಲ ದಿನವೇ ತಮ್ಮ ಪಾವತಿಯ ಚರಿತ್ರೆ ಹೇಳಿದರು ಎಂದು ತಿಳಿಯಿರಿ.

'ಬ್ಯಾಕ್ ಟು ಬ್ಯಾಕ್', 'ಪೇ ವೆನ್ ಪೇಯ್ಡ್' ಎಂಬ ಪದಗಳು ಕಂಡರೆ ಅಲ್ಲೇ ನಿಲ್ಲಿ. ಏಜೆನ್ಸಿಗೆ ಅದರ ಕ್ಲೈಂಟಿನಿಂದ ಹಣ ಬಂದ ಮೇಲೆ ನಿಮಗೆ ಎಂದರ್ಥ. ಏಜೆನ್ಸಿ ತನ್ನ ಕೆಲಸ ಕೆಡಿಸಿಕೊಂಡು ಅಲ್ಲಿ ಹಣ ಬಾರದಿದ್ದರೂ ಹೊರೆ ನಿಮ್ಮದು. ತೆಗೆಯಲು ಒಪ್ಪದಿದ್ದರೆ ಮಿತಿ ಹಾಕಿಸಿ: 'ಕ್ಲೈಂಟಿನಿಂದ ಹಣ ಬಂದ 7 ದಿನ ಅಥವಾ ಇನ್‌ವಾಯ್ಸ್ ಕೊಟ್ಟ 45 ದಿನ, ಯಾವುದು ಮೊದಲೋ ಅದು.' ಆ 'ಯಾವುದು ಮೊದಲೋ' ಎಂಬುದು 'ಯಾವುದು ನಂತರವೋ' ಎಂದಾಗಿ ವಾಪಸು ಬಂದಿದೆಯೇ ಎಂದು ಸಹಿಯ ಪ್ರತಿಯಲ್ಲಿ ಮತ್ತೆ ನೋಡಿ.

ಇನ್ನು ದರ. 'ಎಲ್ಲ ತೆರಿಗೆ ಸೇರಿ' ಎಂದಿದ್ದು ಶೇ. 18ರ ಸೇವೆಯಾದರೆ, 1 ಲಕ್ಷದಲ್ಲಿ ನಿಮ್ಮದು 84,746, ಉಳಿದ 15,254 ಸರ್ಕಾರದ್ದು. ಕೊಟೇಶನ್‌ನಲ್ಲಿ 1 ಲಕ್ಷ ಎಂದು ಮನಸ್ಸಿನಲ್ಲಿಟ್ಟವರಿಗೆ ಇದು ನೇರ ನಷ್ಟ. ಜಿಎಸ್‌ಟಿಯನ್ನು ಹಣ ಬರುವ ಮೊದಲೇ ಕಟ್ಟಬೇಕಾಗುವುದರಿಂದ ತಡ ಪಾವತಿಯ ಏಟು ಎರಡು ಸಲ. ಇನ್‌ವಾಯ್ಸ್ ಆಗಿ 180 ದಿನದಲ್ಲಿ ಹಣ ಕೊಡದ ಖರೀದಿದಾರ ಆ ಬಿಲ್ಲಿನ ಜಿಎಸ್‌ಟಿಗೆ ತಾನು ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ತನ್ನ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿಯೊಂದಿಗೆ ಹಿಂದಿರುಗಿಸಬೇಕು ಎಂಬುದನ್ನೂ ನೆನಪಿನ ಮೇಲ್‌ನಲ್ಲಿ ಸೇರಿಸಬಹುದು.

ಕ್ಯಾಂಟೀನ್, ಕೇಟರಿಂಗ್‌ನವರಿಗೆ ಇನ್ನೆರಡು ಮಾತು. ಎರಡು ವರ್ಷ ಒಂದೇ ತಟ್ಟೆ ದರ ಎಂದು ಒಪ್ಪುವುದು ಲಾಭವನ್ನು ಎಣ್ಣೆ ಕಂಪನಿಯ ಕೈಗೆ ಕೊಟ್ಟಂತೆ. ದರ ಪರಿಷ್ಕರಣೆಯನ್ನು ಹೊರಗಿನ ಅಂಕಿಗೆ ಕಟ್ಟಿ: 19 ಕಿಲೋ ಕಮರ್ಷಿಯಲ್ ಸಿಲಿಂಡರಿನ ಪ್ರಕಟಿತ ಬೆಲೆ ಕರಾರಿನ ದಿನದ ಬೆಲೆಗಿಂತ ಶೇ. 10 ಏರಿದರೆ ಅಥವಾ ಇಳಿದರೆ ತಟ್ಟೆ ದರ ಇಂತಿಷ್ಟು ಬದಲಾಗುತ್ತದೆ ಎಂದು. ಇಳಿಕೆಯನ್ನೂ ಬರೆದರೆ ಎದುರಿನವರು ಬೇಗ ಒಪ್ಪುತ್ತಾರೆ. ಕನಿಷ್ಠ ವೇತನದ ವಿಶೇಷ ಭತ್ಯೆ ಮಹಾರಾಷ್ಟ್ರದಲ್ಲಿ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಹುಡುಗರ ಸಂಬಳದ ಆ ಏರಿಕೆ ತಾನಾಗಿ ಬಿಲ್ಲಿಗೆ ಸೇರುವಂತೆ ಒಂದು ಸಾಲು ಬೇಕು. ಮಿನಿಮಮ್ ಗ್ಯಾರಂಟಿ ಎರಡನೆಯದು. 300 ಊಟಕ್ಕೆಂದು ಅಡುಗೆಯವರು, ಪಾತ್ರೆ, ರೇಷನ್ ಎಲ್ಲ ಹೂಡಿ ನಿಂತಾಗ ಕಂಪನಿ ಅರ್ಧ ಜನಕ್ಕೆ ಮನೆಯಿಂದ ಕೆಲಸ ಕೊಟ್ಟರೆ? 'ದಿನಕ್ಕೆ ಕನಿಷ್ಠ 240 ಊಟದ ಬಿಲ್ಲು ಖಾತ್ರಿ. ಬದಲಾವಣೆಗೆ 30 ದಿನದ ನೋಟಿಸು' ಎಂದು ಕೇಳಿ. ಇದಿಲ್ಲದ ಕ್ಯಾಂಟೀನ್ ಕರಾರಿಗೆ ಸಹಿ ಹಾಕದಿರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಹಂತ 4: ದಂಡ, ತಡೆಹಿಡಿತ, ವಜಾ

ತಡವಾದರೆ ವಾರಕ್ಕೆ ಶೇ. 2, ಇಡೀ ಆರ್ಡರಿನ ಮೇಲೆ, ಮಿತಿಯಿಲ್ಲ. ಪುಣೆಯ ಬಿಡಿಭಾಗದ ಪಿಒಗಳಲ್ಲಿ ಇಂಥ ಸಾಲು ಸಿಗುತ್ತದೆ. ಲೆಕ್ಕ ಹಾಕಿ. 8 ಲಕ್ಷದ ಆರ್ಡರಿನಲ್ಲಿ 1 ಲಕ್ಷದ ಮಾಲು ಮಾತ್ರ 10 ವಾರ ತಡವಾಯಿತು; ದಂಡ 1,60,000, ತಡವಾದ ಮಾಲಿನ ಬೆಲೆಗಿಂತ ಹೆಚ್ಚು. ತಿದ್ದುಪಡಿ ಮೂರು ಕಡೆ ಬೇಕು: ವಾರಕ್ಕೆ ಅರ್ಧ ಪ್ರತಿಶತ, ತಡವಾದ ಭಾಗದ ಮೇಲೆ ಮಾತ್ರ, ಒಟ್ಟು ಶೇ. 5 ಮೀರದಂತೆ. ಅದೇ ಉದಾಹರಣೆಯಲ್ಲಿ ದಂಡ 5,000ಕ್ಕೆ ಇಳಿಯುತ್ತದೆ. ಇದರ ಜೊತೆಗೆ, ಡ್ರಾಯಿಂಗ್ ಒಪ್ಪಿಗೆ, ಕಚ್ಚಾ ಮಾಲು, ಸೈಟಿನ ಪ್ರವೇಶ ಇವುಗಳನ್ನು ಕ್ಲೈಂಟು ತಡ ಮಾಡಿದಷ್ಟು ದಿನ ನಿಮ್ಮ ಗಡುವೂ ಮುಂದೆ ಹೋಗುತ್ತದೆ ಎಂಬ ವಾಕ್ಯ ಸೇರಿಸಿ. ಅದಿಲ್ಲದಿದ್ದರೆ ಅವರ ತಡಕ್ಕೆ ನೀವು ದಂಡ ಕಟ್ಟುತ್ತೀರಿ. ಸೆಕ್ಷನ್ 74 ಇದೆಯಲ್ಲ ಎನ್ನಬಹುದು. ಆದರೆ ಅವರು ದಂಡವನ್ನು ಬಿಲ್ಲಿನಲ್ಲೇ ಕಳೆದುಕೊಂಡಿರುತ್ತಾರೆ, ಕೋರ್ಟಿಗೆ ಹೋಗಬೇಕಾದವರು ನೀವು.

ಆ ಕಳೆದುಕೊಳ್ಳುವ ಅಧಿಕಾರ 'ಸೆಟ್ ಆಫ್' ಎಂಬ ಹೆಸರಿನಲ್ಲಿರುತ್ತದೆ. 'ಯಾವುದೇ ಕರಾರಿನ ಯಾವುದೇ ಬಾಕಿಯನ್ನು' ಎಂದಿದ್ದರೆ ಒಂದು ಆರ್ಡರಿನ ಜಗಳ ನಿಮ್ಮ ಎಲ್ಲ ಬಿಲ್ಲುಗಳನ್ನೂ ತಿನ್ನುತ್ತದೆ. ಅದೇ ಕರಾರಿಗೆ ಸೀಮಿತ ಮಾಡಿ, ಕಾರಣ ಮತ್ತು ಲೆಕ್ಕ ತೋರಿಸುವ 7 ದಿನದ ಲಿಖಿತ ನೋಟಿಸು ಕೇಳಿ.

ರಿಟೆನ್ಶನ್ (ಬಿಲ್ಲಿನಲ್ಲಿ ಭದ್ರತೆಗೆಂದು ತಡೆಹಿಡಿಯುವ ಪಾಲು) ಶೇ. 10, 12 ತಿಂಗಳು ಎಂದಿದ್ದರೆ ಶೇ. 5, 6 ತಿಂಗಳು ಕೇಳಿ. ಬಿಡುಗಡೆಗೆ ತಾರೀಖಿರಲಿ, 'ತೃಪ್ತಿಯ ನಂತರ' ಬೇಡ.

ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ಕು ಕೇಳುವ ಪದ್ಧತಿ ಇನ್ನೂ ಹೋಗಿಲ್ಲ. ಸಹಿ ನಿಮ್ಮದಾಗಿದ್ದರೆ, ಖಾಲಿ ಜಾಗವನ್ನು ಬೇರೆಯವರು ತುಂಬಿದ್ದರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಊಹೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಕೊಡಲೇಬೇಕಾದರೆ ಮೊತ್ತ ಬರೆದೇ ಕೊಡಿ. ಚೆಕ್ಕಿನ ಸಂಖ್ಯೆ, ಉದ್ದೇಶ, ಹಿಂದಿರುಗಿಸುವ ತಾರೀಖು ಇರುವ ಪತ್ರಕ್ಕೆ ಅವರ ಸಹಿ, ಸೀಲು ಪಡೆಯಿರಿ.

ವಜಾ ಷರತ್ತಿನಲ್ಲಿ ನೋಟಿಸು ಎರಡೂ ಕಡೆ ಸಮನಾಗಿರಲಿ. ಅವರಿಗೆ 7 ದಿನ, ನಿಮಗೆ 90 ದಿನ ಎಂಬ ಕರಾರುಗಳು ಸಾಮಾನ್ಯ. ನೋಟಿಸಿನ ದಿನದವರೆಗಿನ ಕೆಲಸಕ್ಕೂ, ಅವರ ಆರ್ಡರಿಗೆಂದೇ ತರಿಸಿದ ವಾಪಸಾಗದ ಮಾಲಿಗೂ ಹಣ ಕೊಡಬೇಕೆಂದು ಬರೆಸಿ. ಗೋವಾದ ರೆಸಾರ್ಟ್ ಮದುವೆಗಳಿಗೆ ಮಂಟಪ, ಊಟ, ಫೋಟೊ ವಹಿಸಿಕೊಳ್ಳುವವರಿಗೆ ಇದೇ ಷರತ್ತು ರದ್ದತಿಯ ರೂಪದಲ್ಲಿ ಬರುತ್ತದೆ. ಸೀಸನ್ನಿನ ಒಂದು ತಾರೀಖು ಕೈಬಿಟ್ಟರೆ ಮತ್ತೆ ತುಂಬದು. ಉದಾಹರಣೆಗೆ 60 ದಿನಕ್ಕೂ ಮೊದಲು ರದ್ದಾದರೆ ಒಟ್ಟು ಮೊತ್ತದ ಶೇ. 25, 30ರಿಂದ 60 ದಿನವಾದರೆ ಶೇ. 50, ಅದಕ್ಕಿಂತ ಕಡಿಮೆಯಾದರೆ ಶೇ. 75 ಎಂದು ಮೆಟ್ಟಿಲು ಕಟ್ಟಿ, ಆ ಮೊತ್ತ ಅಡ್ವಾನ್ಸ್ ರೂಪದಲ್ಲಿ ಮೊದಲೇ ನಿಮ್ಮ ಕೈಯಲ್ಲಿರುವಂತೆ ಕಂತು ಹೊಂದಿಸಿ. ಕಾಗದದಲ್ಲಿ ಹಕ್ಕಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ ವಸೂಲಿಗೆ ಅಲೆಯಬೇಕು.

ಹಂತ 5: ಇಂಡೆಮ್ನಿಟಿ ಮತ್ತು ಹಕ್ಕುಸ್ವಾಮ್ಯ

ಇಂಡೆಮ್ನಿಟಿ ಎಂದರೆ ಎದುರಿನವರ ನಷ್ಟವನ್ನು ನೀವು ತುಂಬಿಕೊಡುವ ಭರವಸೆ. 40,000 ರೂಪಾಯಿಯ ವೆಬ್‌ಸೈಟ್ ಕೆಲಸಕ್ಕೆ 'ಎಲ್ಲ ನಷ್ಟ, ಪರೋಕ್ಷ ನಷ್ಟ, ವಕೀಲರ ಫೀಸು ಸೇರಿ, ಮಿತಿಯಿಲ್ಲದೆ' ಎಂದು ಸಹಿ ಹಾಕಿಸಿಕೊಳ್ಳುವ ಕಂಪನಿಗಳಿವೆ. ಪ್ರೊಪ್ರೈಟರ್ ಆಗಿದ್ದರೆ ಡೊಂಬಿವಲಿಯ ಮನೆಯೂ ಆ ಭರವಸೆಯೊಳಗೆ ಬಂತು. ಪ್ರೈವೇಟ್ ಲಿಮಿಟೆಡ್ ಇದ್ದರೂ, ಎಲ್ಲೋ ಒಂದು ಅನುಬಂಧದಲ್ಲಿ ಡೈರೆಕ್ಟರರ ವೈಯಕ್ತಿಕ ಗ್ಯಾರಂಟಿ ಕೇಳಿದ್ದಾರೆಯೇ ನೋಡಿ.

ನಾಲ್ಕು ಬೇಲಿ ಹಾಕಿಸಬೇಕು. ಒಂದು, ನಿಮ್ಮ ಅಲಕ್ಷ್ಯ ಅಥವಾ ಕರಾರು ಉಲ್ಲಂಘನೆಯಿಂದ ಹೊರಗಿನವರು ಹಾಕಿದ ಕ್ಲೇಮಿಗೆ ಮಾತ್ರ. ಎರಡು, ಒಟ್ಟು ಹೊಣೆ ಹಿಂದಿನ 12 ತಿಂಗಳಲ್ಲಿ ನಿಮಗೆ ಸಂದ ಮೊತ್ತವನ್ನು ಮೀರದು. ಮೂರು, ಅವರಿಗೆ ತಪ್ಪಿದ ಲಾಭ, ಹೆಸರು ಕೆಟ್ಟದ್ದು ಮುಂತಾದ ಪರೋಕ್ಷ ನಷ್ಟ ಹೊರಗೆ. ನಾಲ್ಕು, ಅವರು ಕೊಟ್ಟ ಫೋಟೊ, ಲೋಗೊ, ಡೇಟಾದಿಂದ ತೊಂದರೆಯಾದರೆ ಅವರೂ ನಿಮಗೆ ಅದೇ ಭರವಸೆ ಕೊಡಬೇಕು. ಮಿತಿಯಿಂದ ಗೌಪ್ಯತೆ, ವಂಚನೆ ಇವನ್ನು ಹೊರಗಿಡಿ ಎಂದು ಅವರು ಕೇಳುತ್ತಾರೆ. ವಂಚನೆಗೆ ಒಪ್ಪಿ, ಗೌಪ್ಯತೆಗೆ ಬೇರೆ ದೊಡ್ಡ ಮಿತಿ ಇಡಿ. ಊಟದ ಕೆಲಸದಲ್ಲಿ ಅಪಾಯ ನಿಜವಾಗಿಯೂ ದೊಡ್ಡದು, ಅಲ್ಲಿ ಬರೀ ಮಿತಿ ಕೇಳಿದರೆ ಒಪ್ಪುವುದಿಲ್ಲ. ವಿಮೆ ಮಾಡಿಸಿ, ವಿಮೆಯ ಮೊತ್ತವನ್ನೇ ಮಿತಿಯೆಂದು ಬರೆಸಿ.

ಡಿಸೈನರ್, ಬರಹಗಾರ, ಸಾಫ್ಟ್‌ವೇರ್ ಮಾಡುವವರು 1957ರ ಕಾಪಿರೈಟ್ ಕಾಯ್ದೆಯ ನಾಲ್ಕು ಸಾಲು ತಿಳಿದಿದ್ದರೆ ಸಾಕು. ಹಕ್ಕು ವರ್ಗಾವಣೆಗೆ ಲಿಖಿತ ಸಹಿ ಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷ ಬಳಸದಿದ್ದರೆ, ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕು ಕಳಚಿಹೋಗುತ್ತದೆ. ಅದಕ್ಕೇ ಕಂಪನಿ ಕರಾರಿನಲ್ಲಿ 'ಶಾಶ್ವತ, ವಿಶ್ವಾದ್ಯಂತ, ಹಿಂತೆಗೆಯಲಾಗದ' ಎಂಬ ಉದ್ದ ಸಾಲು ಇರುವುದು. ಅದನ್ನು ತೆಗೆಸುವುದು ಕಷ್ಟ, ತೆಗೆಸಬೇಕಾಗಿಯೂ ಇಲ್ಲ. 'ಸೃಷ್ಟಿಯಾದ ಕ್ಷಣದಿಂದ' ಎಂಬುದನ್ನು 'ಪೂರ್ಣ ಹಣ ಸಂದಾಯವಾದ ದಿನದಿಂದ' ಎಂದು ಬದಲಾಯಿಸಿ. ಈ ಒಂದೇ ಬದಲಾವಣೆ ಕೊನೆಯ ಕಂತಿನ ವಸೂಲಿಗೆ ನಿಮ್ಮ ಕೈಯಲ್ಲಿರುವ ದೊಡ್ಡ ಹಿಡಿತ. ಆಯ್ಕೆಯಾಗದ ಕರಡುಗಳು, ನಿಮ್ಮ ಹಳೆಯ ಕೋಡ್, ಟೆಂಪ್ಲೇಟ್ ನಿಮ್ಮಲ್ಲೇ ಉಳಿಯಬೇಕು.

ಫೋಟೊಗ್ರಾಫರರ ಸ್ಥಿತಿ ಬೇರೆ. ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ತೆಗೆದ ಫೋಟೊದ ಮೊದಲ ಒಡೆಯ, ವಿರುದ್ಧ ಕರಾರಿಲ್ಲದಿದ್ದರೆ, ಹಣ ಕೊಟ್ಟವನೇ. ಸುಮ್ಮನಿದ್ದರೆ ಹಕ್ಕು ತಾನಾಗಿ ಹೋಗುತ್ತದೆ. ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಅನುಮತಿಯನ್ನೂ ಕರಾರಿನಲ್ಲೇ ಪಡೆಯಬೇಕು.

ಹಂತ 6: ಜಗಳ ಎಲ್ಲಿ ಬಗೆಹರಿಯಬೇಕು

ಪುಣೆಯವರ 3 ಲಕ್ಷದ ಬಾಕಿಗೆ ಗುರುಗ್ರಾಮದಲ್ಲಿ ಮೂವರು ಪಂಚರ ಆರ್ಬಿಟ್ರೇಶನ್ ಎಂದಿದ್ದರೆ, ಬಾಕಿ ಬಿಟ್ಟುಬಿಡಿ ಎಂದಂತೆಯೇ. ನಿಮ್ಮ ಊರು, ಒಬ್ಬರೇ ಪಂಚರು, ಇಬ್ಬರೂ ಒಪ್ಪಿ ನೇಮಿಸಿದವರು ಎಂದು ಕೇಳಿ. ಪಂಚರನ್ನು ಅವರ ಎಂ.ಡಿ. ಒಬ್ಬರೇ ನೇಮಿಸುವ ಷರತ್ತು ಹಳೆಯ ನಮೂನೆಗಳಲ್ಲಿ ಇನ್ನೂ ಇದೆ. ಕಕ್ಷಿಯೊಂದು ತಾನೇ ಪಂಚರನ್ನು ನೇಮಿಸುವುದರ ವಿರುದ್ಧ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿದೆ, ಅದನ್ನು ತೋರಿಸಿದರೆ ಅವರ ವಕೀಲರೇ ತಿದ್ದುತ್ತಾರೆ. ಎಂಎಸ್‌ಎಂಇಡಿ ಕಾಯ್ದೆಯಡಿ ಬರುವವರಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ ತಮ್ಮ ಊರಿನ ವ್ಯಾಪ್ತಿಯ ಫೆಸಿಲಿಟೇಶನ್ ಕೌನ್ಸಿಲಿಗೆ (ತಡ ಪಾವತಿಯ ವ್ಯಾಜ್ಯ ಕೇಳುವ ಸರ್ಕಾರಿ ಮಂಡಳಿಗೆ) ಹೋಗುವ ದಾರಿ ತೆರೆದಿರುತ್ತದೆ. ಆರ್ಬಿಟ್ರೇಶನ್ ಷರತ್ತಿದ್ದರೂ ಕಾಯ್ದೆಯೇ ಮೇಲು ಎಂದು ಸುಪ್ರೀಂ ಕೋರ್ಟು 2022ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಹೇಳಿದೆ.

ಹಂತ 7: ಕೇಳುವ ಬಗೆ

ಇಡೀ ಕರಾರಿಗೆ ಕೆಂಪು ಬಣ್ಣ ಬಳಿದು ಕಳಿಸಬೇಡಿ. ಅದು ನೇರ ಲೀಗಲ್ ವಿಭಾಗಕ್ಕೆ ಹೋಗಿ ಅಲ್ಲೇ ತಿಂಗಳುಗಟ್ಟಲೆ ಬೀಳುತ್ತದೆ. ಒಂದೇ ಪುಟದ ಡೀವಿಯೇಶನ್ ಶೀಟ್ ಮಾಡಿ: ಷರತ್ತಿನ ಸಂಖ್ಯೆ, ಈಗಿನ ಮಾತು, ನಿಮ್ಮ ಮಾತು, ಕಾರಣ ಒಂದು ಸಾಲು. ಆರೇಳಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಮೂರು ಬಿಡಲಾಗದವು (ಸ್ವೀಕಾರದ ಗಡುವು, ಹೊಣೆಯ ಮಿತಿ, ವಜಾ ಆದಾಗಿನ ಹಣ), ಉಳಿದವು ಬಿಟ್ಟುಕೊಡಲೆಂದೇ ಇಟ್ಟವು. ಶೀಟನ್ನು ಪರ್ಚೇಸ್‌ಗೆ ಕಳಿಸಿ, ಪ್ರತಿಯನ್ನು ನಿಮ್ಮ ಕೆಲಸ ಬೇಕಾಗಿರುವ ವಿಭಾಗದ ಮುಖ್ಯಸ್ಥರಿಗೂ ಹಾಕಿ. ಕೆಲಸ ಶುರುವಾಗಲಿ ಎಂಬ ಆತುರ ಅವರದ್ದು, ಲೀಗಲ್ ವಿಭಾಗವನ್ನು ಎಬ್ಬಿಸುವವರೂ ಅವರೇ.

'ಇದು ನಮ್ಮ ಸ್ಟ್ಯಾಂಡರ್ಡ್ ಫಾರ್ಮ್ಯಾಟ್, ಬದಲಾಯಿಸಲಾಗದು' ಎಂಬ ಉತ್ತರ ಬಂದರೆ ಮುಖ್ಯ ಕರಾರನ್ನು ಮುಟ್ಟದೆ 'ವಿಶೇಷ ಷರತ್ತುಗಳು' ಎಂಬ ಒಂದು ಪುಟದ ಅನುಬಂಧ ಸೂಚಿಸಿ, ಅದೇ ಮೇಲುಗೈ ಎಂದು ಬರೆಸಿ. ಅದೂ ಆಗದಿದ್ದರೆ ಅಪಾಯವನ್ನು ದರಕ್ಕೆ ಸೇರಿಸಿ. 90 ದಿನ ಕಾಯಬೇಕಾದ ಹಣಕ್ಕೆ ನಿಮ್ಮ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಬಡ್ಡಿ ಎಷ್ಟೋ ಅಷ್ಟು.

ಹಂತ 8: ಸಹಿ, ಸ್ಟಾಂಪು, ಆಮೇಲಿನ ದಾಖಲೆ

ಸಹಿಗೆ ಬಂದ ಪ್ರತಿಯನ್ನು ನೀವು ಒಪ್ಪಿದ ಪ್ರತಿಯೊಂದಿಗೆ ವರ್ಡ್‌ನ ಕಂಪೇರ್‌ನಲ್ಲಿ ಹಾಕಿ ನೋಡಿ. ಮಹಾರಾಷ್ಟ್ರದಲ್ಲಿ ಸಾಮಾನ್ಯ ಕರಾರಿನ ಕನಿಷ್ಠ ಸ್ಟಾಂಪು ಅಕ್ಟೋಬರ್ 2024ರಿಂದ 100ರ ಬದಲು 500 ರೂಪಾಯಿ. ಸ್ಟಾಂಪಿಲ್ಲದ ಕರಾರು ಅಸಿಂಧುವಲ್ಲ, ಆದರೆ ಸುಂಕ ಮತ್ತು ತಿಂಗಳಿಗೆ ಶೇ. 2ರ ದಂಡ ಕಟ್ಟುವವರೆಗೆ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಸಹಿ ಹಾಕಿದವರಿಗೆ ಆ ಅಧಿಕಾರ ಇದೆಯೇ ಎಂದು ಕೇಳಿ, ಎರಡೂ ಕಡೆಯ ಸಹಿಯ ಪ್ರತಿ ವಾಪಸು ಬರುವವರೆಗೆ ಕೆಲಸ ಶುರು ಮಾಡಬೇಡಿ. ನಿಮ್ಮ ಸಹಿ ಮಾತ್ರ ಇರುವ ಪ್ರತಿ ಅವರ ಡ್ರಾಯರಿನಲ್ಲಿ ಕೂತಿರುವ ಕರಾರುಗಳಿಗೆ ಲೆಕ್ಕವಿಲ್ಲ.

ಕೆಲಸ ನಡೆಯುವಾಗ ಹೆಚ್ಚುವರಿ ಕೆಲಸ ಬಾಯಿಮಾತಿನಲ್ಲೇ ಬರುತ್ತದೆ. ಅದೇ ಸಂಜೆ 'ಇಂದು ನೀವು ಹೇಳಿದಂತೆ ಇಷ್ಟು ಹೆಚ್ಚುವರಿ, ದರ ಇಷ್ಟು, ನಾಳೆ ಶುರು' ಎಂದು ಮೇಲ್ ಹಾಕಿ. ವಾಟ್ಸ್ಆಪ್ ಒಪ್ಪಿಗೆಯಾದರೆ ಸ್ಕ್ರೀನ್‌ಶಾಟಿನ ಜೊತೆ ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಆ ಫೋನನ್ನು ಮಾರಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೊಡುವಾಗ ಅದು ಬೇಕಾಗುತ್ತದೆ. ಡೆಲಿವರಿ ಚಲನಿನ ಮೇಲೆ ಹೆಸರು, ತಾರೀಖು, ಸೀಲು ಮೂರೂ ಇರಲಿ. ಗೇಟಿನವರ ಗೀಚು ಸಾಲದು. ತಾನಾಗಿ ನವೀಕರಣವಾಗುವ ಕರಾರಾದರೆ ನೋಟಿಸು ಕೊಡಬೇಕಾದ ಕೊನೆಯ ದಿನಕ್ಕೂ 15 ದಿನ ಮುಂಚೆ ಫೋನಿನಲ್ಲಿ ಅಲಾರಂ ಹಾಕಿ.

ಹಣ ನಿಂತೇ ಹೋದರೆ

45 ದಿನ ದಾಟಿದಾಗ ಬಡ್ಡಿ ಲೆಕ್ಕವಿರುವ ಸ್ಟೇಟ್‌ಮೆಂಟ್ ಕಳಿಸಿ, 'ಬಾಕಿ ದೃಢೀಕರಿಸಿ' ಎಂದು ಕೇಳಿ. ಲಿಖಿತವಾಗಿ ಸಹಿ ಮಾಡಿ ಒಪ್ಪಿಕೊಂಡರೆ 3 ವರ್ಷದ ಕಾಲಮಿತಿ ಆ ದಿನದಿಂದ ಹೊಸದಾಗಿ ಶುರು. ಕ್ಲೈಂಟು 250 ಕೋಟಿಗೂ ಮೀರಿದ ವಹಿವಾಟಿನ ಕಂಪನಿಯಾದರೆ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ಡಿಸ್ಕೌಂಟ್ ವೇದಿಕೆಗೆ ಸೇರಿರಲೇಬೇಕು. ಅಲ್ಲಿ ಬಿಲ್ಲು ಹಾಕಿ ಅವರು ಒಪ್ಪಿದರೆ ಬ್ಯಾಂಕು ಡಿಸ್ಕೌಂಟ್ ಮಾಡಿ ಹಣ ಕೊಡುತ್ತದೆ. ಸಂಬಂಧ ಕೆಡಿಸಿಕೊಳ್ಳದೆ ಹಣ ಪಡೆಯುವ ದಾರಿ ಇದು, ಬಳಸುವವರು ಮಾತ್ರ ಕಡಿಮೆ.

ಅದೂ ಆಗದಿದ್ದರೆ ಎಂಎಸ್‌ಎಂಇಡಿ ಕಾಯ್ದೆಯ ಸೆಕ್ಷನ್ 18ರಡಿ ಫೆಸಿಲಿಟೇಶನ್ ಕೌನ್ಸಿಲಿಗೆ ಅರ್ಜಿ. ಉದ್ಯಮ್ ಪ್ರಮಾಣಪತ್ರ, ಕರಾರು ಅಥವಾ ಪಿಒ, ಇನ್‌ವಾಯ್ಸ್, ಡೆಲಿವರಿಯ ದಾಖಲೆ, ಬಡ್ಡಿಯ ಲೆಕ್ಕ ಲಗತ್ತಿಸಿ ಆನ್‌ಲೈನಿನಲ್ಲೇ ಹಾಕಬಹುದು. ಮೊದಲು ರಾಜಿ ಯತ್ನ, ವಿಫಲವಾದರೆ ಆರ್ಬಿಟ್ರೇಶನ್. ಕಾಯ್ದೆ ಹೇಳುವ 90 ದಿನದಲ್ಲಿ ಮುಗಿಯುತ್ತದೆಂದು ಎಣಿಸಬೇಡಿ. ಈ ಕಾಯ್ದೆಯಡಿ ಬಾರದವರು 3 ಲಕ್ಷಕ್ಕೆ ಮೇಲ್ಪಟ್ಟ ವಾಣಿಜ್ಯ ದಾವೆ ಹೂಡುವ ಮುನ್ನ, ತುರ್ತು ಆದೇಶ ಬೇಡದಿದ್ದರೆ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 12ಎ ಪ್ರಕಾರ ಮಧ್ಯಸ್ಥಿಕೆಗೆ ಹೋಗಲೇಬೇಕು. ಕೌನ್ಸಿಲಿನ ತೀರ್ಪು ನಿಮ್ಮ ಪರ ಬಂದು ಕ್ಲೈಂಟು ಅದನ್ನು ಪ್ರಶ್ನಿಸಬೇಕೆಂದರೆ, ಎಂಎಸ್‌ಎಂಇಡಿ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ತೀರ್ಪಿನ ಮೊತ್ತದ ಶೇ. 75ನ್ನು ಮೊದಲು ಕೋರ್ಟಿನಲ್ಲಿ ಕಟ್ಟಬೇಕು. ಆ ಹಣದಲ್ಲಿ ಸಮಂಜಸ ಪಾಲನ್ನು ವ್ಯಾಜ್ಯ ನಡೆಯುವಾಗಲೇ ನಿಮಗೆ ಕೊಡಿಸುವಂತೆ ಕೋರ್ಟನ್ನು ಕೇಳುವ ಅವಕಾಶ ಅದೇ ಸೆಕ್ಷನ್‌ನಲ್ಲಿದೆ. ಮೊದಲ ತಾರೀಖಿಗೇ ಆ ಅರ್ಜಿ ಹಾಕಿಸಿ.